ಕಣ್ಣಿರುವ ಆನೆ ಕಾಸು

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರಾಗಿದ್ದೆ. ಆಗ ನನಗೊಂದು ಹುಚ್ಚು ಹಿಡಿದಿತ್ತು. ಸುಲ್ತಾನರ ಕಾಲದ ತಾಮ್ರದ ಕಾಸು, ಅದರಲ್ಲೂ ಒಂದು ಬದಿಗೆ ಆನೆ ಇರುವ ಕಾಸು ಕಂಡರೆ ಊಟ ಬೇಡ, ನಿದ್ದೆ ಬೇಡ. ಚಿಂತಾಮಣಿಯ ಪಾತ್ರೆ ಅಂಗಡಿಯವರೊಬ್ಬರು ಹಳೇ ತಾಮ್ರ ಕೊಳ್ಳುತ್ತಿದ್ದರು. ಭಾನುವಾರ ಬಂತೆಂದರೆ ಚಿಕ್ಕ ರೈಲು ಹತ್ತಿ ಹೋಗಿ ಅವರ ಗುಜರಿ ಬುಟ್ಟಿ ಕೆದಕುತ್ತಾ ಕೂರುತ್ತಿದ್ದೆ. ನನ್ನನ್ನು ದೂರದಲ್ಲಿ ಕಂಡರೇ ಅವರು "ಏನುಗುಲು ವಚ್ಚಾಯಿ ಸಾರ್, ಆನೆ ಬಂದವೆ!" ಎಂದು ಕೂಗುತ್ತಿದ್ದರು.

ಸಿಕ್ಕಿದ್ದಕ್ಕೆ ದರ್ಜೆ ಕೊಟ್ಟು ತಮ್ಮ ನೋಟುಬುಕ್ಕಿನಲ್ಲಿ ಬರೆದಿಡುವವರು ಚಿಕ್ಕಬಳ್ಳಾಪುರದ ಒಬ್ಬ ನಿವೃತ್ತ ಶಿರಸ್ತೇದಾರರು. ಆನೆಯ ಬಾಲ ಕಂಡರೆ ಮೂರನೇ ದರ್ಜೆ, ಸೊಂಡಿಲೂ ಪೂರ್ತಿ ಇದ್ದರೆ ಎರಡನೆಯದು, ಕಣ್ಣೂ ಕಂಡರೆ ಒಂದನೆಯದು. ಕಾಸಿನ ಹಳೇ ಕಂದು ಬಣ್ಣ ಹಾಗೇ ಇರಬೇಕು. ಯಾರಾದರೂ ಉಜ್ಜಿದ್ದರೆ ಒಂದು ದರ್ಜೆ ಕಡಿಮೆ. ನನ್ನ ಹನ್ನೊಂದು ಕಾಸುಗಳಲ್ಲಿ ಒಂದೂ ಮೂರನೆಯದನ್ನು ದಾಟಿರಲಿಲ್ಲ. "ನಿಮ್ಮ ಆನೆಗಳೆಲ್ಲಾ ಕುರುಡು ಕಣ್ರೀ ಮೇಷ್ಟ್ರೇ" ಎಂದು ಅವರು ನಗುವಾಗ ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಹನ್ನೆರಡನೆಯದಕ್ಕೆ ಕಣ್ಣಿತ್ತು. ಸಾಸಿವೆ ಕಾಳಿನಷ್ಟು, ಆದರೆ ಇತ್ತು! ಈ ಸಲ ಒಂದನೇ ದರ್ಜೆ ಪಡೆದೇ ತೀರುತ್ತೇನೆಂದು ಶಿರಸ್ತೇದಾರರನ್ನು ಮನೆಗೇ ಊಟಕ್ಕೆ ಕರೆದೆ. ಅವರು ಬಂದು ಕೂತು ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದರು. ನಾನು ಪೆಟ್ಟಿಗೆ ತೆರೆದರೆ ಹನ್ನೆರಡನೆಯ ಕಾಸೇ ಇಲ್ಲ.

"ಅಮ್ಮಾ!" ಎಂದು ಕೂಗಿದೆ.

ಮೂರು ತಿಂಗಳ ನನ್ನ ಮಗಳನ್ನು ಎತ್ತಿಕೊಂಡು ಅಮ್ಮ ಒಳಗಿನಿಂದ ಬಂದಳು. "ಯಾಕೋ ಹಂಗೆ ಕಿರುಚ್ತೀಯಾ? ಮಗೂಗೆ ಹೊಕ್ಕಳು ಉಬ್ಕೊಂಡೈತೆ. ತಾಮ್ರದ ಕಾಸಿಟ್ಟು ಕಟ್ಟಿದ್ರೆ ಒಳಕ್ಕೆ ಹೋಗ್ತದೆ. ಇರೋದ್ರಲ್ಲೆಲ್ಲಾ ಅದೇ ಒಳ್ಳೇದು ಅಂತ ನೀನೇ ಹೇಳ್ತಿದ್ದೆಯಲ್ಲಪ್ಪ. ಹುಣಸೇಹಣ್ಣು ಹಾಕಿ ಚೆನ್ನಾಗಿ ಉಜ್ಜಿ ಕಟ್ಟಿದೀನಿ."

ಹುಣಸೇಹಣ್ಣು! ಅಮ್ಮ ಬಟ್ಟೆ ಬಿಚ್ಚಿದಳು. ಕಾಸು ಹಬ್ಬಕ್ಕೆ ಬೆಳಗಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಶಿರಸ್ತೇದಾರರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕಣ್ಣೇನೋ ಇದೆ. ಬಣ್ಣ ಹೋಯ್ತು. ಎರಡನೇ ದರ್ಜೆ" ಎಂದರು.

ಅಮ್ಮನ ಮೇಲೆ ಹರಿಹಾಯಲು ನಾನು ಬಾಯಿ ತೆರೆದಿದ್ದೆ. "ತಡೀರಿ" ಎಂದು ಅವರು ಭೂತಗನ್ನಡಿಯನ್ನು ಮಗುವಿನ ಹೊಟ್ಟೆಯ ಮೇಲೆ ಹಿಡಿದರು. ಹೊಕ್ಕಳ ಪಕ್ಕದಲ್ಲಿ, ಕಾಸು ಸರಿದು ಕೂತಿದ್ದ ಜಾಗದಲ್ಲಿ, ಕೆಂಪಗೆ ಆನೆಯ ಅಚ್ಚು ಮೂಡಿತ್ತು. ಬಾಲವಿತ್ತು, ಸೊಂಡಿಲಿತ್ತು, ಚುಕ್ಕಿಯಷ್ಟು ಕಣ್ಣೂ ಇತ್ತು. ಮಗಳು ಅವರ ಮೀಸೆ ಹಿಡಿದೆಳೆದು ಕೇಕೆ ಹಾಕಿದಳು.

"ಇದು ಒಂದನೇ ದರ್ಜೆ ಕಣ್ರೀ ಮೇಷ್ಟ್ರೇ. ಇದನ್ನ ಮಾತ್ರ ಯಾರೂ ಉಜ್ಜಬೇಡಿ."

"ಉಜ್ಜದೆ ಎಣ್ಣೆನೀರು ಹಾಕೋದು ಹೆಂಗೆ?" ಎಂದಳು ಅಮ್ಮ.

ನನ್ನ ಸಿಟ್ಟು ಎಲ್ಲಿ ಹೋಯಿತೋ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಕಾಸನ್ನು ನಾನೇ ಹೊಕ್ಕಳ ಮೇಲಿಟ್ಟು ಬಟ್ಟೆ ಕಟ್ಟಿದೆ. ಸಂಜೆಯ ಹೊತ್ತಿಗೆ ಆ ಅಚ್ಚು ಮಾಸಿಹೋಗಿತ್ತು. ಆದರೆ ಶಿರಸ್ತೇದಾರರ ನೋಟುಬುಕ್ಕಿನಲ್ಲಿ ಕೊನೆಯವರೆಗೂ ನನ್ನ ಹೆಸರಿನ ಮುಂದೆ ಇದ್ದ ಒಂದೇ ಒಂದು ಒಂದನೇ ದರ್ಜೆ ಅದು.