ಆಮೆ ಜೋರಾಗಿ ಎಳೆದ ದಿನ

ನನ್ನ ಗಂಡನ ಅಣ್ಣನಿಗೆ ದೋಣಿಕಟ್ಟೆಯವರು ಇಟ್ಟ ಹೆಸರು ಆಮೆ. ನೀರಿನ ನಡುವೆ ಕೆಟ್ಟು ನಿಂತ ಜೆಟ್ ದೋಣಿಗಳಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುವುದು ಭಾವನ ಕೆಲಸ. ಅವರು ಎಳೆಯುವ ವೇಗಕ್ಕೆ ದಡದಲ್ಲಿ ನಡೆಯುವವರೇ ಮುಂದೆ ಹೋಗುತ್ತಿದ್ದರು.

"ಏನ್ ಆಮೆ, ಇವತ್ತು ಹೊರಟಿದ್ದು ನಾಳೆ ಮುಟ್ಟುತ್ತಾ?" ಎಂದು ಟಿಕೆಟ್ ಕೊಡುವವನು ಕೂಗುತ್ತಿದ್ದ.

"ನಿಧಾನಕ್ಕೆ ಬಂದ್ರೆ ದೋಣಿ ಬರುತ್ತೆ ಕಣೋ. ಜೋರಾಗಿ ಬಂದ್ರೆ ಬರೀ ಗುಜರಿ ಬರುತ್ತೆ."

ಜೆಟ್ ದೋಣಿ ತಳದಿಂದ ನೀರು ಹೀರಿ, ಹಿಂದಕ್ಕೆ ಚಿಮ್ಮಿಸಿ ಓಡುತ್ತದೆ. ಎಂಜಿನ್ ನಿಂತಿರುವಾಗ ಜೋರಾಗಿ ಎಳೆದರೆ, ಅದೇ ನೀರು ಎಂಜಿನ್ ತಣಿಸುವ ಪೈಪಿನಲ್ಲಿ ನುಗ್ಗಿ ಎಂಜಿನ್ನಿನ ಹೊಟ್ಟೆ ಸೇರುತ್ತದೆ. ಅದಕ್ಕೇ ಭಾವ ಮೊದಲು ಆ ಪೈಪನ್ನು ಅಮುಕಿ ಮುಚ್ಚುವ ಕ್ಲಿಪ್ಪು ಬಿಗಿಯಾಗಿ ಹಾಕುತ್ತಿದ್ದರು. ಹಾಕಲು ಆಗದಿದ್ದರೆ ತೆವಳಿಕೊಂಡೇ ಎಳೆದು ತರುತ್ತಿದ್ದರು. ಯಾರು ಬೈದರೂ ಅಷ್ಟೇ.

ನಾವೆಲ್ಲ ಇದ್ದದ್ದು ಬಟ್ಟೆ ಒಗೆಯುವ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ಗೋಡೆ ಮುಟ್ಟಿದರೆ ಕೈ ಒದ್ದೆ. ನನ್ನ ಮಗಳಿಗೆ ಹುಟ್ಟಿದಾಗಿನಿಂದ ಉಬ್ಬಸ. ಅವಳ ಎದೆಗೆ ಕಿವಿಯಿಟ್ಟು ಕೂರುವುದೇ ನನ್ನ ದಿನಚರಿ. ದೋಣಿಕಟ್ಟೆಯ ಹಳೆಯ ಮೇಸ್ತ್ರಿ ಕೆಲಸ ಬಿಟ್ಟುಹೋದ ಮೇಲೆ ಆ ಕೆಲಸ, ಜೊತೆಗೆ ಕಟ್ಟೆಯ ಮೇಲಿನ ಮನೆ ನಿನಗೇ ಎಂದು ದೋಣಿಗಳ ಧಣಿ ಭಾವನಿಗೆ ಮಾತು ಕೊಟ್ಟಿದ್ದರು. ನಾನು ಹೋಗಿ ನೋಡಿಯೂ ಬಂದಿದ್ದೆ. ಎರಡು ಕಡೆ ಕಿಟಕಿ, ಒಣ ಗೋಡೆ. ಮಗಳ ಮಂಚ ಯಾವ ಮೂಲೆಗೆ ಎಂದೂ ಗೊತ್ತು ಮಾಡಿಕೊಂಡಿದ್ದೆ.

ಆ ಮಧ್ಯಾಹ್ನ ಧಣಿಯೇ ಅತಿಥಿಗಳನ್ನು ಕೂರಿಸಿಕೊಂಡು ಹೊಸ ಜೆಟ್ ದೋಣಿ ಓಡಿಸಿದರು. ನಡುನೀರಿನಲ್ಲಿ ಅದು ಕೆಟ್ಟು ನಿಂತಿತು. ಭಾವ ಎಳೆಯುವ ದೋಣಿ ತೆಗೆದುಕೊಂಡು ಹೋದರು. ನಾನು ಮಗಳನ್ನು ಎತ್ತಿಕೊಂಡು ಭಾವನ ಊಟದ ಡಬ್ಬಿ ತಂದಿದ್ದೆ, ಕಟ್ಟೆಯ ಮೇಲೆ ನಿಂತಿದ್ದೆ. ನಡುನೀರಿನಲ್ಲಿ ನಡೆದದ್ದನ್ನು ಭಾವ ಆಮೇಲೆ ಬಿಟ್ಟು ಬಿಟ್ಟು ಹೇಳಿದರು.

ಎಂಜಿನ್ನಿನ ಮುಚ್ಚಳ ಅತಿಥಿಗಳು ಕೂತಿದ್ದ ಹಿಂದಿನ ಸೀಟಿನ ಕೆಳಗೆ. "ಸ್ವಲ್ಪ ಏಳ್ತೀರಾ? ಪೈಪಿಗೆ ಕ್ಲಿಪ್ ಹಾಕ್ಬೇಕು," ಎಂದರಂತೆ ಭಾವ.

"ಮನೆಗೆ ಬಂದ ನೆಂಟರನ್ನ ಎಬ್ಬಿಸ್ತೀಯೇನೋ? ಸುಮ್ನೆ ಎಳಿ," ಎಂದರು ಧಣಿ.

ಭಾವ ತಮ್ಮ ಎಂದಿನ ವೇಗದಲ್ಲೇ ಎಳೆದರು. ಅರ್ಧ ದಾರಿಗೆ ಧಣಿಯ ಸಹನೆಯ ಕಟ್ಟೆಯೊಡೆಯಿತು.

"ಏಯ್, ಇದೇನು ಮೆರವಣಿಗೆನಾ? ಇವರಿಗೆ ವಿಮಾನಕ್ಕೆ ಹೊತ್ತಾಯ್ತು!"

"ನೀರು ನುಗ್ಗುತ್ತೆ ಸಾರ್."

"ದೋಣಿ ನಂದು, ನಿಂಗ್ಯಾಕೋ ಚಿಂತೆ? ಮೇಲಿನ ಮನೆ ಬೇಕೋ ಬೇಡ್ವೋ?"

ಭಾವ ಒಮ್ಮೆ ಕಟ್ಟೆಯ ಕಡೆ ನೋಡಿದರು. ಯಾಕೆ ಒಪ್ಪಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, "ನೀವಿಬ್ರೂ ಅಲ್ಲಿ ನಿಂತಿದ್ರಲ್ಲಮ್ಮ," ಎಂದರು, ಅಷ್ಟೇ.

ಎಳೆಯುವ ದೋಣಿ ಗರ್ಜಿಸಿತು. "ಆಮೆಗೆ ರೆಕ್ಕೆ ಬಂತ್ರೋ!" ಎಂದು ಟಿಕೆಟ್ ಕೊಡುವವನು ಕುಣಿದ. ಏನೂ ತಿಳಿಯದೆ ನಾನು ಮಗಳ ಕೈ ಹಿಡಿದು ಚಪ್ಪಾಳೆ ತಟ್ಟಿಸಿದೆ.

ಮರುದಿನ ಮೆಕ್ಯಾನಿಕ್ ಎಂಜಿನ್ ಬಿಚ್ಚಿದಾಗ ಕೊಡ ಬಗ್ಗಿಸಿದ ಹಾಗೆ ನೀರು ಸುರಿಯಿತು.

"ನಾನು ಹೇಳಿದ್ರೆ ಬಾವಿಗೆ ಹಾರ್ತಿದ್ಯಾ? ತಿಳಿದವನು ನೀನು, ನೀನು ತಡೀಬೇಕಿತ್ತು," ಎಂದರು ಧಣಿ. ಸಾಕ್ಷಿ ಹೇಳಬೇಕಾದ ಅತಿಥಿಗಳು ವಿಮಾನ ಹತ್ತಿಯಾಗಿತ್ತು. ಯಾರ ಮಾತಿಗೂ ಬಗ್ಗದ ಮನುಷ್ಯ ಒಂದೇ ಒಂದು ಸಲ ಹೇಳಿದ ಹಾಗೆ ಕೇಳಿದ್ದಕ್ಕೆ ಕೆಲಸ ಹೋಯಿತು. ಮೇಸ್ತ್ರಿ ಪಟ್ಟ, ಒಣ ಗೋಡೆ, ಕಿಟಕಿ ಎಲ್ಲ ಟಿಕೆಟ್ ಕೊಡುವವನ ಪಾಲಾದವು.

ಚಳಿಗಾಲ ಹಿಡಿಯುವ ಹೊತ್ತಿಗೆ ಅವನೇ ಫೋನ್ ಮಾಡಿದ. ಎಳೆದು ತಂದ ಇನ್ನೊಂದು ಎಂಜಿನ್ನೂ ನೀರು ಕುಡಿದಿತ್ತು. "ಅಣ್ಣಾ, ಆ ಕ್ಲಿಪ್ ಎಲ್ಲಿ ಹಾಕೋದು, ಒಂಚೂರು ಬಂದು ತೋರ್ಸಣ್ಣ."

"ನಿಮಗೆ ಮಾನ ಮರ್ಯಾದೆ ಇಲ್ವಾ? ಹೋಗ್ಬೇಡಿ ಭಾವ," ಎಂದೆ. ಮಗಳು ನನ್ನ ತೋಳಿನಲ್ಲಿ ಸುಯ್ಯೆಂದು ಉಸಿರೆಳೆಯುತ್ತಿದ್ದಳು.

"ಎಂಜಿನ್ ಏನಮ್ಮ ತಪ್ಪು ಮಾಡಿದೆ?" ಎಂದು ಚಪ್ಪಲಿ ಮೆಟ್ಟಿ ಹೋದರು.

ಸಂಜೆ ಬಂದಾಗ ನನಗೆ ತಡೆಯಲಾಗಲಿಲ್ಲ. "ಆ ಮೇಲಿನ ಮನೆ ಹೇಗಿಟ್ಕೊಂಡಿದಾರೆ?" ಎಂದು ಕೇಳಿದೆ.

"ಒಳಗೆ ಕರೀಲಿಲ್ಲ," ಎಂದು ಭಾವ ಕಾಲು ತೊಳೆಯಲು ಹೋದರು.