ದಂಡನಾಯಕನ ಗಾಡಿಯ ಬಿಳಿ ಧೂಳು

ಕ್ಷೌರದಂಗಡಿಯವನಿಗೆ ದಂಡನಾಯಕ ಎಂಬ ಬಿರುದು ಬಂದದ್ದು ಅವನ ಗಾಡಿಯಿಂದ. ಗುಡ್ಡ, ಹಳ್ಳ, ಬಂಡೆ ಯಾವುದಕ್ಕೂ ಸೊಪ್ಪು ಹಾಕದೆ ನುಗ್ಗಲೆಂದೇ ಹುಟ್ಟಿದ ಹಳೆಯ ಕಾಲದ ಮೋಟಾರ್ ಸೈಕಲ್ ಅದು. ಸೊಂಟದೆತ್ತರದ ಉದ್ದನೆಯ ಸೀಟು, ಮೊಸಳೆ ಬೆನ್ನಿನಂಥ ಟಯರು. ಅದನ್ನೇರಿ ಅವನು ದಿನವೂ ಮನೆಯಿಂದ ಅಂಗಡಿಗೆ ದಂಡಯಾತ್ರೆ ಹೊರಡುತ್ತಿದ್ದ. ದಾರಿಯಲ್ಲಿ ಅಂಗೈಯಗಲದ ಗುಂಡಿ ಕಂಡರೆ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಡಾಂಬರು ಬಿಟ್ಟು ಗಾಡಿ ಒಂದು ಗೇಣೂ ಆಚೆ ಹೋದದ್ದಿಲ್ಲ. ತರಕಾರಿ ಹೊತ್ತ ಸೈಕಲ್ಲುಗಳು ಬೆಲ್ ಬಾರಿಸಿ ಅವನನ್ನು ದಾಟಿಹೋಗುತ್ತಿದ್ದವು.

ಪಕ್ಕದ ಕನ್ನಡಕದಂಗಡಿ ಅವನ ಅಣ್ಣನದು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮುಖ. ಗಾಡಿ ಕೊಂಡ ದಿನದಿಂದ ಅಣ್ಣನದು ಒಂದೇ ರಾಗ: “ಮಂಗ ಏರೋ ಗಾಡಿ ಕಣೋ ಅದು. ಮಾರಿ ಹಾಕು.” ಕೇಳಿ ಕೇಳಿ ಕಿವಿ ತೂತಾಗಿ, ದಂಡನಾಯಕ ಕೊನೆಗೂ ಕೊಳ್ಳುವವನೊಬ್ಬನನ್ನು ಹುಡುಕಿದ. ಭಾನುವಾರ ಬಂದು ಒಯ್ಯುತ್ತೇನೆಂದಿದ್ದ ಅವನು. ಅಂದಿನಿಂದ ದಂಡನಾಯಕನಿಗೆ ಅನ್ನ ರುಚಿಸುತ್ತಿರಲಿಲ್ಲ.

ಹಿಂದಿನ ಚಕ್ರದ ಬಳಿ ಕಟಕಟ ಸದ್ದು ಬರುತ್ತಿತ್ತು. ಮಗಳನ್ನು ಮದುವೆ ಮಾಡಿ ಕಳಿಸುವಾಗ ಕೆಮ್ಮಿನ ಜೊತೆ ಕಳಿಸುವುದೇ ಎಂದು ಶನಿವಾರ ಅಂಗಡಿಯ ಹಿಂದೆ ಗಾಡಿಯ ಹೊಟ್ಟೆ ಬಿಚ್ಚಿದ. ಚಕ್ರ ಮೇಲೆ ಕೆಳಗೆ ಆಡಲು ಅಲ್ಲಿ ಸೂಜಿಯಂಥ ಉಕ್ಕಿನ ಕಡ್ಡಿಗಳ ಬೇರಿಂಗುಗಳಿರುತ್ತವೆ. ನೋಡಿದರೆ, ಅರ್ಧ ಕಡ್ಡಿಗಳು ಸವೆದು ಪುಡಿಯಾಗಿವೆ, ಉಳಿದರ್ಧ ತುಕ್ಕು ಹಿಡಿದು ಕಚ್ಚಿಕೊಂಡಿವೆ. ಸಂದಿನಲ್ಲೆಲ್ಲ ಬಿಳಿ ಧೂಳು.

ದಂಡನಾಯಕನ ತಲೆಯಲ್ಲಿ ಹುಳ ಹೊಕ್ಕಿತು. ನಾಜೂಕಾಗಿ ಓಡಿಸಿದ ಗಾಡಿಯ ಬೇರಿಂಗು ಇಷ್ಟು ಸವೆಯುವುದುಂಟೇ? ಗಡ್ಡದ ಬ್ರಷ್ಷಿನಿಂದ ಧೂಳನ್ನು ಗುಡಿಸಿ ಮೂಸಿದ. ತನ್ನ ಅಂಗಡಿಯ ಪೌಡರೇ? ಪರಿಮಳವಿಲ್ಲ. ನಾಲಿಗೆಗಿಟ್ಟ. ಹಲ್ಲಿನಡಿ ಕರಕರ ಎಂದಿತು. ಅದು ಕಲ್ಲಿನ ಪುಡಿ!

ಅಷ್ಟರಲ್ಲಿ ಅಣ್ಣ ಸೊಂಟ ಹಿಡಿದುಕೊಂಡು ತಲೆಗೂದಲು ಕತ್ತರಿಸಿಕೊಳ್ಳಲು ಬಂದ.

“ಏನಣ್ಣ, ಇನ್ನೂ ಹೋಗಿಲ್ವಾ ನೋವು?”

“ಅಂಗಡಿ ಕುರ್ಚಿ ಸರಿ ಇಲ್ಲ ಕಣೋ. ಬೆನ್ನುಮೂಳೆ ಪುಡಿಪುಡಿ.”

ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಒಂದು ಬದಿಯ ಕೂದಲು ಮುಗಿಸಿ, ಇನ್ನೊಂದು ಬದಿಯ ಕಿವಿ ಮಡಿಸಿದ ದಂಡನಾಯಕನ ಕತ್ತರಿ ಗಾಳಿಯಲ್ಲೇ ನಿಂತಿತು. ಕಿವಿಯ ಹಿಂದೆ ಬಿಳಿ ಧೂಳು. ಬೆರಳಿಗೆ ಹಚ್ಚಿ ತಿಕ್ಕಿದ. ಕರಕರ. ಊಟವಾದ ಮೇಲೆ ತಾನು ಇದೇ ಕುರ್ಚಿಯಲ್ಲಿ ಮುಖಕ್ಕೆ ಟವಲ್ ಹಾಕಿಕೊಂಡು ಗೊರಕೆ ಹೊಡೆಯುವುದು, ಗಾಡಿಯ ಕೀಲಿ ಮೊಳೆಗೆ ನೇತಾಡುವುದು, ಅದೇ ಹೊತ್ತಿಗೆ ಅಣ್ಣನಿಗೆ ಬ್ಯಾಂಕಿನಲ್ಲಿ ಕೆಲಸ ಬೀಳುವುದು, ಎಲ್ಲ ಒಂದರ ಹಿಂದೊಂದು ನೆನಪಾದವು.

“ನಾಳೆ ಗಾಡಿ ಹೋಗುತ್ತೆ ಅಣ್ಣ. ಮಾರಿಬಿಟ್ಟೆ,” ಎಂದ, ಮೆಲ್ಲಗೆ.

ಹೊದಿಕೆಯ ಒಳಗೆ ಅಣ್ಣ ನೆಟ್ಟಗಾದ. “ಮಾರು ಅಂತ ಯಾರು ಹೇಳಿದ್ರು ನಿಂಗೆ?”

“ನೀನೇ!”

“ನಾನು ಹೇಳಿದ್ದನ್ನ ಹುಟ್ಟಿದಾಗಿಂದ ಒಂದು ದಿನ ಕೇಳಿದ್ದೀಯಾ ನೀನು? ಇದೊಂದನ್ನ ಕೇಳ್ಬೇಕಿತ್ತಾ?”

ದಂಡನಾಯಕ ಬಿಳಿ ಮೆತ್ತಿದ ಬೆರಳನ್ನು ಕನ್ನಡಿಯ ಮುಂದೆ ಹಿಡಿದ. ಕನ್ನಡಿಯೊಳಗಿನ ಅಣ್ಣ ಅದನ್ನು ನೋಡಿದ, ತಮ್ಮನನ್ನು ನೋಡಿದ, ಆಮೇಲೆ ಪೌಡರ್ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಹಳೇ ಕಲ್ಲುಗಣಿ,” ಎಂದ ಕೊನೆಗೆ.

“ಅಲ್ಲೇನಿದೆ?”

“ಏನೂ ಇಲ್ಲ. ಕಲ್ಲು, ಧೂಳು. ಆದ್ರೆ ಆ ಇಳಿಜಾರು ಹತ್ತಿ ತುದೀಲಿ ನಿಂತ್ರೆ...” ಅಣ್ಣನ ಇಸ್ತ್ರಿ ಮುಖ ಮೊದಲ ಸಲ ಸುಕ್ಕಾಯಿತು. “ಹೋಗ್ಲಿ ಬಿಡೋ. ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ.”

ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿರಲಿಲ್ಲ. ಅರ್ಧ ತಲೆಗೂದಲು ಕತ್ತರಿಸಿದ ಅಣ್ಣನನ್ನು ಅಲ್ಲೇ ಬಿಟ್ಟು ದಂಡನಾಯಕ ಫೋನಿಗೆ ಓಡಿದ. “ಕ್ಷಮಿಸಿ ಸ್ವಾಮಿ, ಗಾಡಿ ಕೊಡೋದಕ್ಕಾಗಲ್ಲ. ಮನೇಲಿ ದೊಡ್ಡವರು ಒಪ್ತಿಲ್ಲ.”

ಭಾನುವಾರ ಅಣ್ಣತಮ್ಮಂದಿರು ಜೊತೆಯಾಗಿ ಕುಳಿತರು. ಕಚ್ಚಿಕೊಂಡ ಬೇರಿಂಗುಗಳನ್ನು ಪೈಪಿನ ತುಂಡಿಟ್ಟು ವೈಸಿನ ದವಡೆಗಳ ನಡುವೆ ಒತ್ತಿ ಹೊರದಬ್ಬಿದರು. ಹೊಸವನ್ನು ಕುಗ್ಗಲೆಂದು ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ರಾತ್ರಿಯಿಡೀ ಇಟ್ಟಿದ್ದರು. ಕೂರಿಸುವ ಜಾಗ ಹಿಗ್ಗಲೆಂದು ದಂಡನಾಯಕ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದ.

“ಹಾಗೇ ಒಂದು ಬೈತಲೆ ತೆಗಿ,” ಎಂದ ಅಣ್ಣ.

“ಮೊದ್ಲು ನಿನ್ನ ತಲೆಯ ಇನ್ನೊಂದರ್ಧ ಆಗಲಿ.”

ತಣ್ಣನೆಯ ಬೇರಿಂಗು ಬಿಸಿ ತೂತಿಗೆ ಮೆತ್ತಗೆ ಇಳಿಯಿತು. ಗ್ರೀಸು ಮೆತ್ತಿ, ಬೋಲ್ಟು ಬಿಗಿದು, ಸೀಟನ್ನು ಒತ್ತಿದರೆ ಗಾಡಿಯ ಹಿಂಭಾಗ ಸದ್ದಿಲ್ಲದೆ ಕುಸಿದು ಎದ್ದಿತು. ಅಣ್ಣ ತನ್ನ ಸೊಂಟ ನೀವಿಕೊಂಡು, “ಕುರ್ಚಿದಲ್ಲ ಹಾಗಾದ್ರೆ ತಪ್ಪು,” ಎಂದ.

ದಂಡನಾಯಕ ತನ್ನದೇ ಗಾಡಿಯಲ್ಲಿ ಹಿಂದೆ ಕೂತ. ಊರಾಚೆ ಡಾಂಬರು ಮುಗಿಯುವಲ್ಲಿ ಅಣ್ಣ ಬ್ರೇಕು ಹಾಕಿದ. ಮುಂದೆ ಅಂಗೈಯಗಲದ್ದೊಂದು ಗುಂಡಿ, ಅದರಾಚೆ ಬಿಳಿಯ ಇಳಿಜಾರು.

“ಇಳಿದು ತಳ್ತೀಯೇನೋ ದಂಡನಾಯಕ?”

“ಬಾಯಿ ಮುಚ್ಕೊಂಡು ಹತ್ಸು,” ಎಂದ ತಮ್ಮ, ಅಣ್ಣನ ಇಸ್ತ್ರಿ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಮುದುರಿ ಹಿಡಿದು, ತುದಿ ಎಲ್ಲಿದೆಯೆಂದು ಅವನ ಹೆಗಲ ಮೇಲಿಂದ ಕತ್ತು ಚಾಚಿ ನೋಡುತ್ತ.