ಮುಟ್ಟಗೊಡದ ಗಿಟಾರು

ಕಮೆತಾ ಊರಿನ ನದಿದಂಡೆಯಲ್ಲಿ, ಕಂಬಗಳ ಮೇಲೆ ನಿಂತ ಹಲಗೆಯಂಗಡಿಯಲ್ಲಿ ಎಸ್ಮೆರಿನಾ ಎಲೆಕ್ಟ್ರಿಕ್ ಗಿಟಾರು ರಿಪೇರಿ ಮಾಡುತ್ತಾಳೆ. ದೋಣಿ ಕಟ್ಟುವವನ ಮಗಳು. ಹಲಗೆಯ ಸಂದಿಗೆ ಹತ್ತಿ ತುಂಬಿ ಅರಗು ಮೆತ್ತುವುದನ್ನು ಅವಳು ನಡೆಯುವುದಕ್ಕಿಂತ ಮೊದಲೇ ಕಲಿತಳೆಂದು ಊರು ಹೇಳುತ್ತದೆ. ಈ ಊರು ಯಾವುದನ್ನೂ ಒಂದು ಹಿಡಿ ಹೆಚ್ಚಿಗೆ ಸೇರಿಸದೆ ಹೇಳುವುದಿಲ್ಲ.

ಹರೆಯದಲ್ಲಿ ಒಂದು ಭಾನುವಾರದ ಕುಣಿತದಲ್ಲಿ ಆಂಪ್ಲಿಫೈಯರು ಸತ್ತುಹೋಗಿ ಜನ ಕೂಗಾಡುತ್ತಿದ್ದರು. ಎಸ್ಮೆರಿನಾ ಹೋಗಿ, ಅಪ್ಪನ ದೋಣಿಯ ದೀಪದ ವಯರು ಕಿತ್ತು ತಂದು, ಹಲ್ಲಿನಲ್ಲೇ ಸುಲಿದು ಜೋಡಿಸಿದಳು. ಗಿಟಾರು ಹಿಡಿದು ಪೆಚ್ಚಾಗಿ ನಿಂತಿದ್ದ ಅಬ್ದಿಯಾಸ್ ತಂತಿ ಮೀಟಿದ. ಅಗ್ಗದ ಕಾರ್ಖಾನೆ ಗಿಟಾರು, ಪದರಹಲಗೆಯ ಮೈ, ತಂತಿ ಬಿಗಿಯಲು ತಗಡಿನಂಥ ಬಿರಡೆ. ಅದರಿಂದ ಹೊರಟ ಸ್ವರ ನೀರಿನ ಮೇಲೆ ಹೋಗಿ ಎದುರಿನ ದ್ವೀಪಕ್ಕೆ ಮುಟ್ಟಿ ಬಂತು. ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲಿಗಿಂತ ಸಣ್ಣ ತಾಮ್ರದ ಎಳೆ, ಇಷ್ಟರಲ್ಲಿ ಮನುಷ್ಯನ ಒಳಗಿನದೆಲ್ಲ ಹೀಗೆ ಹೊರಗೆ ಬರುವುದುಂಟೆ! ಅವಳಿಗೆ ಮೈ ಜುಮ್ಮೆಂದಿತು. ಆ ಬೆರಗು ಅವಳನ್ನು ಆಮೇಲೂ ಬಿಡಲಿಲ್ಲ. ಗಿಟಾರಿನವನನ್ನು ಮದುವೆಯಾದಳು, ಗಿಟಾರುಗಳ ಕೆಲಸ ಹಿಡಿದಳು.

ಆದರೆ ದೀಪದ ಬುಡದಲ್ಲಿ ಕತ್ತಲು. ಊರಿನ ಗಿಟಾರುಗಳನ್ನೆಲ್ಲ ಬಿಚ್ಚಿ ಕಟ್ಟಿದ ಎಸ್ಮೆರಿನಾಗೆ ಗಂಡನ ಗಿಟಾರನ್ನು ಮುಟ್ಟುವ ಭಾಗ್ಯ ಬರಲಿಲ್ಲ. ಅದರ ಬಿರಡೆಗಳು ಸಡಿಲ, ಮೂರನೇ ತಂತಿ ಪ್ರತಿ ಹಾಡಿಗೂ ಇಳಿಯುತ್ತಿತ್ತು.

"ರೀ, ಬಿರಡೆ ಬದಲಾಯಿಸ್ತೀನಿ, ಕೊಡ್ರೀ," ಎಂದು ಇವಳು.

"ಬಿರಡೆ ಹೋದ್ರೆ ಸ್ವರಾನೂ ಹೋಗುತ್ತೆ ಕಣೇ. ಮುಟ್ಬೇಡ," ಎಂದು ಅವನು.

"ಬಿರಡೆಗೂ ಸ್ವರದ ಬಣ್ಣಕ್ಕೂ ಏನ್ರೀ ಸಂಬಂಧ?"

ಅಷ್ಟರಲ್ಲಿ ಅವನು ನುಡಿಸಲು ಶುರುಮಾಡಿರುತ್ತಿದ್ದ. ನುಡಿಸುವಾಗ ಅವನಿಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ, ಹೆಂಡತಿಯದಂತೂ ಮೊದಲೇ ಇಲ್ಲ. ಆಯುಷ್ಯದುದ್ದಕ್ಕೂ ನಡೆದ ಈ ಜಗಳ ಅವನು ಜ್ವರದಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿತು.

ಗಿಟಾರು ಅವನ ತಮ್ಮ ಓತೊನಿಯೆಲನ ಕೈಗೆ ಹೋಯಿತು. ಭಾನುವಾರ ಮಧ್ಯಾಹ್ನ ಅವನು ಎದುರಿನ ದ್ವೀಪದಲ್ಲಿ ಕುಣಿತಕ್ಕೆ ನುಡಿಸುವಾಗ ಎಸ್ಮೆರಿನಾ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಬೆರಳು ಮೈದುನನದು, ದನಿ ಗಂಡನದು. ಪುಣ್ಯಕ್ಕೆ ಅಬ್ದಿಯಾಸನದೊಂದು ಫೋಟೋ ಇತ್ತು. ದನಿ ಮಾತ್ರ ಬೇರೆಲ್ಲೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಓತೊನಿಯೆಲ್ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಮುಖದಲ್ಲಿ ಕಳೆ ಇರಲಿಲ್ಲ.

"ಅತ್ತಿಗೆ, ಬೈಬೇಡಿ."

"ಬೈಯೋ ಹಂಗಿದ್ರೆ ಬೈತೀನಿ. ಮೊದ್ಲು ಬಿಚ್ಚು."

ಬಿಚ್ಚಿದ. ಮೊದಲು ಹೊರಬಂದದ್ದು ಇರುವೆ. ದೋಣಿಯಿಂದ ದಂಡೆಗೆ ಹತ್ತುವಾಗ ಗಿಟಾರು ಕೈಜಾರಿ ನೀರಿಗೆ ಬಿದ್ದಿತ್ತು. ಇವನು ಅದನ್ನೆತ್ತಿ, ಒರೆಸಿ, ಫರೀನ್ಯಾ ಮೂಟೆಯಲ್ಲಿ ಹೂತಿಟ್ಟಿದ್ದ. ಫರೀನ್ಯಾ ಎಂದರೆ ಮರಗೆಣಸಿನ ಹುರಿದ ಪುಡಿ. ಈ ದಂಡೆಯವರು ಅದನ್ನು ಮೀನಿನ ಜೊತೆ, ಅಸಾಯಿ ಹಣ್ಣಿನ ರಸದ ಜೊತೆ, ಏನೂ ಇಲ್ಲದಿದ್ದರೆ ಬರೀ ಬಾಯಿಗೆ ಎಸೆದುಕೊಂಡು ತಿನ್ನುತ್ತಾರೆ. ಒದ್ದೆಯಾದ ರೇಡಿಯೋ, ಗಡಿಯಾರ, ಎಲ್ಲಕ್ಕೂ ಅದೇ ಮದ್ದು. ಗಿಟಾರಿನೊಳಗಿನ ನೀರನ್ನೇನೋ ಫರೀನ್ಯಾ ಕುಡಿಯಿತು. ಕುಡಿದು ಉಬ್ಬಿ, ಬಿರಡೆಯ ಹಲ್ಲುಗಳಲ್ಲಿ, ತಂತಿ ಹೊರುವ ಕುದುರೆಯ ಸಂದಿಯಲ್ಲಿ, ವಾಲ್ಯೂಮ್ ಗುಂಡಿಯ ಬುಡದಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು.

"ಗಿಟಾರು ತಂದಿದೀಯೋ, ಊಟ ತಂದಿದೀಯೋ? ಒಂದು ಮೀನು ಹುರಿದು ತಂದಿದ್ರೆ ಸರಿಹೋಗ್ತಿತ್ತು!"

ಓತೊನಿಯೆಲ್ ನಗಲಿಲ್ಲ. "ಅಣ್ಣನ ದನಿ ಉಳಿಯುತ್ತಾ ಅತ್ತಿಗೆ?"

ಅವಳಿಗೂ ನಗು ನಿಂತುಹೋಯಿತು. "ಬಿಟ್ಟು ಹೋಗು," ಎಂದಳು.

ಹೀಗೆ ಮುಟ್ಟಬೇಡ ಎಂದಿದ್ದ ಗಿಟಾರು ಕೊನೆಗೂ ಅವಳ ಮೇಜಿಗೆ ಬಂತು. ಎಸ್ಮೆರಿನಾ ಎದೆ ಗಟ್ಟಿಮಾಡಿಕೊಂಡು ಬಿಚ್ಚಿದಳು. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿಯುವ ಪಿಕಪ್ಪು, ಅದೇ ಅಯಸ್ಕಾಂತ ಮತ್ತು ತಾಮ್ರದ ಎಳೆ, ಜೀವಂತವಾಗಿತ್ತು. ಮೀಟರಿನ ಮುಳ್ಳು ಅಲ್ಲಾಡಿದಾಗ ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ಬೆಲೆಂ ಪೇಟೆಯಿಂದ ತರಿಸಿದ ಉತ್ತಮ ಪಿಕಪ್ಪು ಪೆಟ್ಟಿಗೆಯಲ್ಲಿತ್ತು, ಅದನ್ನು ಮುಟ್ಟದೆ ಹಳೆಯದನ್ನೇ ಉಳಿಸಿಕೊಂಡಳು. ಉಳಿದದ್ದೆಲ್ಲ ಹೊಸದು. ಹಳೆ ಬಿರಡೆಗಳ ತೂತುಗಳಿಗೆ ಅಪ್ಪನ ಕ್ರಮದಲ್ಲೇ ಮರದ ಕಡ್ಡಿ ಬಡಿದು, ಅಂಟು ಹಾಕಿ, ಕೊರೆದು, ಮುಚ್ಚಿದ ಹಲ್ಲಿನ ಗಟ್ಟಿ ಬಿರಡೆ ಕೂರಿಸಿದಳು. ಕತ್ತಿನ ತುದಿಯಲ್ಲಿ ತಂತಿ ಹಾಯುವ ಪ್ಲಾಸ್ಟಿಕ್ ಪಟ್ಟಿ ತೆಗೆದು, ದನದ ಕಾಲಿನ ಮೂಳೆ ಉಜ್ಜಿ ಮಾಡಿದ ಪಟ್ಟಿ ಕೂರಿಸಿದಳು. ತುಕ್ಕು ಹಿಡಿಯದ ಕುದುರೆ, ತುಕ್ಕು ಹಿಡಿಯದ ಸ್ಕ್ರೂ, ವಯರುಗಳಿಗೆ ಹೊಸ ಬೆಸುಗೆ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಅವಳೇ ಗೊಣಗಿಕೊಂಡಳು. ಹಳೆಯದೆಲ್ಲ ಹಾಲಿನಪುಡಿ ಡಬ್ಬಿ ಸೇರಿತು.

ಓತೊನಿಯೆಲ್ ಬಂದು ಕೂತು ನುಡಿಸಿದ. ಶ್ರುತಿ ಕೂದಲೆಳೆಯಷ್ಟೂ ಕದಲಲಿಲ್ಲ. ಸ್ವರ ತುಂಬಿಕೊಂಡು ಬಂತು, ಬಲು ಚೆನ್ನಾಗಿ ಬಂತು. ಅದು ಯಾರೋ ಪರಸ್ಥಳದವನ ಸ್ವರ.

"ಚೆನ್ನಾಗಿದೆ ಅತ್ತಿಗೆ," ಎಂದ ಅವನು, ಅವಳ ಮುಖ ನೋಡದೆ.

"ಸುಳ್ಳು ಹೇಳ್ಬೇಡ ಕಣೋ."

ಅವನು ಗಿಟಾರನ್ನು ಮೇಜಿನ ಮೇಲಿಟ್ಟ. ಅವನಿಗೆಂದು ಬಟ್ಟಲಿಗೆ ಹಾಕಿದ್ದ ಅಸಾಯಿ ಕೆನೆಗಟ್ಟಿತು. ಅಬ್ದಿಯಾಸನೇ ಸರಿ, ತಾನು ಕೈಯಿಟ್ಟು ಕೆಡಿಸಿದೆ ಎಂದು ಎಸ್ಮೆರಿನಾಗೆ ಅನ್ನಿಸಿತು. ಅವನನ್ನು ಮಣ್ಣುಮಾಡಿದ ದಿನ ಬಾರದ ಅಳು ಈಗ ಬಂತು. ಅದನ್ನು ಮೈದುನನಿಗೆ ತೋರಿಸಲಾರದೆ ಕಿಟಕಿಗೆ ಮುಖ ಮಾಡಿದಳು.

ನದಿ ಇಳಿದಿತ್ತು. ಎದುರುಮನೆಯ ಕಂಬಗಳು ಬುಡದವರೆಗೆ ಕಾಣುತ್ತಿದ್ದವು. ಪ್ರತಿ ಕಂಬದ ಮೇಲೂ ನೀರು ನಿಂತ ಗುರುತು: ಗೆರೆಯ ಕೆಳಗೆ ಕಪ್ಪು, ಮೇಲೆ ಬಿಳಿಚು. ಮನೆ ಕಟ್ಟುವ ಮುಂಚೆ ಇಲ್ಲಿ ಯಾರೂ ನದಿಯನ್ನು ಕೇಳುವುದಿಲ್ಲ, ಹಳೆ ಕಂಬವನ್ನು ಕೇಳುತ್ತಾರೆ. ಅಪ್ಪ ಕಂಬಕ್ಕೆ ಬೆರಳಿಟ್ಟು "ಇಲ್ಲೀವರೆಗೆ ಬಂದಿತ್ತು ನೋಡಮ್ಮ" ಎನ್ನುತ್ತಿದ್ದ.

ಎಸ್ಮೆರಿನಾ ದಡಕ್ಕನೆ ಎದ್ದು ಹಾಲಿನಪುಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು.

"ಏನಾಯ್ತು ಅತ್ತಿಗೆ?"

"ಪಿಕಪ್ಪು ಎರಡು ಸ್ಕ್ರೂ ಮೇಲೆ ನಿಂತಿರುತ್ತೆ ಕಣೋ. ಈ ಮನೆ ಕಂಬದ ಮೇಲೆ ನಿಂತಿಲ್ವಾ, ಹಂಗೆ."

ಎರಡು ಉದ್ದದ ಸ್ಕ್ರೂ ಸಿಕ್ಕವು. ಬಯಲಿಗಿದ್ದ ಭಾಗಕ್ಕೆ ತುಕ್ಕು ಹಿಡಿದಿತ್ತು. ಪಿಕಪ್ಪು ಕಚ್ಚಿ ಕೂತಿದ್ದ ಜಾಗ ಮಾತ್ರ ಹೊಳೆಯುತ್ತಿತ್ತು. ಒಂದರಲ್ಲಿ ಆ ಹೊಳಪು ತಲೆಯ ಹತ್ತಿರ, ಇನ್ನೊಂದರಲ್ಲಿ ತುಸು ಕೆಳಗೆ. ಅವಳು ಎಲ್ಲ ಗಿಟಾರಿಗೂ ಮಾಡುವಂತೆ ಇದಕ್ಕೂ ಪಿಕಪ್ಪನ್ನು ಮಟ್ಟಸವಾಗಿ ಕೂರಿಸಿದ್ದಳು. ಅಬ್ದಿಯಾಸ್ ಅದನ್ನು ಓರೆಯಾಗಿ ನಿಲ್ಲಿಸಿದ್ದ. ದನಿ ಅಷ್ಟು ಚೂಪಾಗಿತ್ತೆಂದರೆ ಸಣ್ಣ ತಂತಿಗಳ ಕಡೆ ಎತ್ತರ, ದಪ್ಪ ತಂತಿಗಳ ಕಡೆ ತಗ್ಗು. ಓರೆಯೆಂದರೆ ಎಷ್ಟು? ಅಕ್ಕಿಕಾಳಿನಷ್ಟು. ಒಬ್ಬ ಗಂಡಸಿನ ದನಿ, ಅವನ ನಗು, ಅವನ ಹಟ, ದ್ವೀಪಕ್ಕೆ ಮುಟ್ಟಿ ಬರುತ್ತಿದ್ದ ಅವನ ಸಂತೋಷ, ಅಷ್ಟೂ ಒಂದು ಅಕ್ಕಿಕಾಳಿನಲ್ಲಿ! ಎಸ್ಮೆರಿನಾ ಎರಡೂ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ದೇವರ ಪ್ರಸಾದ ನೋಡುವ ಹಾಗೆ ನೋಡುತ್ತಾ ನಿಂತುಬಿಟ್ಟಳು.

ಆಮೇಲೆ ಹಳೆ ಸ್ಕ್ರೂ ಪಕ್ಕಕ್ಕೆ ಹಿಡಿದು, ಹೊಸ ಸ್ಕ್ರೂಗಳ ಮೇಲೆ ಪಿಕಪ್ಪು ಆ ಹೊಳಪಿನ ಗೆರೆಗೇ ಬಂದು ನಿಲ್ಲುವವರೆಗೆ ತಿರುಗಿಸಿದಳು. ಒಂದು ಎತ್ತರಕ್ಕೆ, ಒಂದು ತಗ್ಗಿಗೆ.

"ನುಡಿಸು."

ಓತೊನಿಯೆಲ್ ಒಂದೇ ತಂತಿ ಮೀಟಿ ಕೈ ತೆಗೆದುಬಿಟ್ಟ, ಬೆಂಕಿ ತಾಗಿದವನಂತೆ. ನದಿಯ ಮೇಲೆ ಹುಟ್ಟು ಹಾಕುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ. ಮತ್ತೆ ಓತೊನಿಯೆಲ್ ಕಣ್ಣು ಮುಚ್ಚಿ ನುಡಿಸತೊಡಗಿದ. ಅದೇ ದನಿ, ತೆಳ್ಳಗೆ, ಚೂಪಾಗಿ, ಸ್ವಲ್ಪ ಕೀಟಲೆಯಾಗಿ, ನೀರಿನ ಮೇಲೆ ಓಡಿತು. ಮೂರನೇ ತಂತಿ ಮಾತ್ರ ಇಳಿಯಲಿಲ್ಲ.

ಎಸ್ಮೆರಿನಾ ಸೆರಗಿಲ್ಲದ ಊರಿನವಳು, ಅಂಗಡಿಯ ಎಣ್ಣೆಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು, ಗಿಟಾರಿನತ್ತ ಬಗ್ಗಿ ಗಟ್ಟಿಯಾಗಿ ಕೇಳಿದಳು:

"ನೋಡಿದ್ರಾ? ಬಿರಡೆ ಬದಲಾಯಿಸಿದ್ರೆ ಸ್ವರ ಹೋಗಲ್ಲ ಅಂತ ಆವತ್ತಿಂದ ಬಡ್ಕೋತಿರ್ಲಿಲ್ವೇನ್ರೀ?"

ಗಿಟಾರು ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು, ಎಂದಿನಂತೆ ಅವಳ ಮಾತು ಕಿವಿಗೆ ಹಾಕಿಕೊಳ್ಳದೆ.